ನಾಲ್ಕು ಗಂಟೆಯ ಭಾಗೀದಾರರು

ಕಲ್ಲಿನಾಥ ಮಾಸ್ತರರು ಕೈ ಎತ್ತಿದ್ದೇ ತಪ್ಪಾಯಿತು.

ಆಳಂದದ ತರಬೇತಿ. ಪೂರಿ, ಶಿರಾ ಉಂಡ ಅರ್ಧ ಸಭೆ ತೂಕಡಿಸುತ್ತಿದ್ದ ಹೊತ್ತು. ಬೆಂಗಳೂರಿನಿಂದ ಬಂದ ತರಬೇತುದಾರರು ಪರದೆಯ ಮೇಲೆ ಬಣ್ಣದ ಚೌಕಗಳನ್ನು ತೋರಿಸುತ್ತ, "ಶಾಲೆಯಿಂದ ಯಾರ್ಯಾರ ಬದುಕಿಗೆ ಏನೇನು ತಟ್ಟುತ್ತದೋ ಅವರೆಲ್ಲ ಶಾಲೆಯ ಭಾಗೀದಾರರು. ಅವರ ಹಿಮ್ಮಾಹಿತಿ ಕೇಳದ ಶಾಲೆ ಕಿವುಡು ಶಾಲೆ. ಮಕ್ಕಳು ಕಲಿತರೆ ಸಾಲದು, ಸಂಸ್ಥೆಯೂ ಕಲಿಯಬೇಕು. ಹೇಳಿ, ಮೊದಲ ಭಾಗೀದಾರರ ಸಭೆ ಯಾರ ಶಾಲೆಯಲ್ಲಿ?" ಎಂದು ಕೇಳಿದರು.

ಆಗಲೇ ಮಾಸ್ತರರು ಕೈ ಎತ್ತಿದ್ದು. ಅವರು ಕೇಳಬೇಕೆಂದಿದ್ದದ್ದು ಬೇರೆ: "ತರಬೇತಿ ಇವತ್ತ ಎಷ್ಟಕ್ಕ ಬಿಡ್ತದ್ರಿ?" ಆದರೆ ತರಬೇತುದಾರರು ಆ ಕೈ ಕಂಡದ್ದೇ ತಡ ಚಪ್ಪಾಳೆ ತಟ್ಟಿದರು. ನಿದ್ದೆಯಲ್ಲಿದ್ದವರು ಕಾರ್ಯಕ್ರಮ ಮುಗಿಯಿತೆಂದು ತಿಳಿದು ಇನ್ನೂ ಜೋರಾಗಿ ತಟ್ಟಿದರು. ಬೇವಳಗಾ ಶಾಲೆಯ ಮುಖ್ಯ ಗುರು ಕಲ್ಲಿನಾಥ ಎಂದು ಹೆಸರು ಬರೆದುಕೊಂಡದ್ದೂ ಆಯಿತು, ಬರುವ ವಾರ ಮೇಲಿನ ಕಚೇರಿಯ ಸಾಹೇಬರೇ ಖುದ್ದು ಬರುತ್ತಾರೆಂದು ಸಾರಿದ್ದೂ ಆಯಿತು.

ಮಾಸ್ತರರು ಎತ್ತಿದ ಕೈಯನ್ನು ಗಡಬಡಿಸಿ ಇಳಿಸಿದರು. ಯಾಕೆಂದರೆ ಬೇವಳಗಾ ಶಾಲೆಯಲ್ಲಿ ಹಿಮ್ಮಾಹಿತಿಗೆ ಯೋಗ್ಯವಾದ ವಿಷಯ ಒಂದೇ ಇತ್ತು, ಅದು ಅವರಿಗೆ ಗೊತ್ತಿತ್ತು.

ವಿಷಯ ಇಷ್ಟೆ. ಶಾಲೆ ಬಿಡಬೇಕಾದದ್ದು ನಾಲ್ಕೂವರೆಗೆ. ಅಫಜಲಪುರದಿಂದ ಆಳಂದಕ್ಕೆ ಹೋಗುವ ಬಸ್ಸು ಊರ ಮುಂದೆ ನಿಲ್ಲುವುದು ನಾಲ್ಕೂಕಾಲಿಗೆ. ಅದು ತಪ್ಪಿದರೆ ಮುಂದಿನದು ಊಟದ ಹೊತ್ತು ಮೀರಿದ ಮೇಲೆ, ಅದೂ ಡ್ರೈವರನ ಮನಸ್ಸಿದ್ದರೆ. ಮಾಸ್ತರರ ಮನೆ ಆಳಂದದಲ್ಲಿ. ಹೆಂಡತಿ ವಿದ್ಯಾವತಿ, ಮಗಳು ಸೃಷ್ಟಿ ಇಬ್ಬರೂ ಅಲ್ಲೇ. ಶಾಲೆಯೂ ಬಸ್ಸೂ ಹದಿನೈದು ನಿಮಿಷದ ವಿಷಯದಲ್ಲಿ ಹಟ ಹಿಡಿದು ಕೂತಾಗ ಮಾಸ್ತರರೇ ದೊಡ್ಡ ಮನಸ್ಸು ಮಾಡಿ ಸರಿಪಡಿಸಿಕೊಂಡಿದ್ದರು. ಮೂರು ವರ್ಷದಿಂದ ನಾಲ್ಕಕ್ಕೇ ಗಂಟೆ. ಶಾಲೆಯ ಮುಂದಿನ ಬೇವಿನ ಮರಕ್ಕೆ ನೇತುಬಿಟ್ಟ ರೈಲು ಹಳಿಯ ತುಂಡಿಗೆ ಕಬ್ಬಿಣದ ಸಳಿಯಿಂದ ತಾವೇ ಬಾರಿಸಿ, ಗೇಟು ದಾಟಿ, ಚಮನಸಾಬನ ಹೋಟೆಲಿನಲ್ಲಿ ಅರ್ಧ ಕಪ್ಪು ಚಹಾ ಕುಡಿದು, ಕಂಡಕ್ಟರ್ ಮುಕ್ರಮ ಟವೆಲು ಹಾಕಿ ಹಿಡಿದಿಟ್ಟ ಕಿಟಕಿ ಸೀಟಿನಲ್ಲಿ ಕೂತರೆ ದೀಪ ಹಚ್ಚುವ ಹೊತ್ತಿಗೆ ಮನೆ. ಆಮೇಲೆ ಮಗಳಿಗೆ ಗಣಿತ.

ಸೃಷ್ಟಿ ಓದುತ್ತಿದ್ದದ್ದು ಆಳಂದದ ಇಂಗ್ಲಿಷ್ ಶಾಲೆಯಲ್ಲಿ. ತಾವು ಕಲಿಸುವ ಶಾಲೆಗೆ ತಮ್ಮ ಮಗಳನ್ನು ಕಳಿಸುವಷ್ಟು ಧೈರ್ಯ ಮಾಸ್ತರರಿಗೆ ಇರಲಿಲ್ಲ. ಬೇವಳಗಾದ ಮಕ್ಕಳಿಂದ ಉಳಿಸಿದ ಅರ್ಧ ತಾಸು ದಿನಾ ಸಂಜೆ ಆಳಂದದ ಆ ಒಂದು ಹುಡುಗಿಗೆ ಸಲ್ಲುತ್ತಿತ್ತು. ಮನುಷ್ಯ ಕೆಟ್ಟವರಲ್ಲ, ಮಗಳೆಂದರೆ ಜೀವ. ಆದರೂ ಈ ಲೆಕ್ಕ ನೆನೆದಾಗ ಸಿಟ್ಟು ಬಾರದೆ ಇರುವುದಿಲ್ಲ.

ಇನ್ನು ಆ ಗಂಟೆ. ಮಾಸ್ತರರು ಅದನ್ನು ತಮಗಾಗಿ ಬಾರಿಸಿದರೆ, ಊರು ಅದನ್ನು ತನಗಾಗಿ ಕೇಳುತ್ತಿತ್ತು. ಶಾಲೆಯ ಬೇಲಿಗೆ ಹತ್ತಿದ್ದು ದೌಲತರಾಯರ ತೊಗರಿ ಹೊಲ. ದೌಲತರಾಯರು ಊರಿನ ದೊಡ್ಡ ಕುಳ, ಶಾಲೆಯ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು. ಅವರ ಹೊಲದಲ್ಲಿ ಕಸ ತೆಗೆಯುವ ಹೆಣ್ಣುಮಕ್ಕಳು ಎಷ್ಟಕ್ಕೆ ಎದ್ದು ಹೋಗಬೇಕೆಂಬುದರ ಮೇಲೆ ಒಮ್ಮೆ ದೊಡ್ಡ ಜಗಳವೇ ಆಗಿತ್ತು. ಸಂಜೆಯಾದಂತೆ ದೌಲತರಾಯರ ಗಡಿಯಾರ ನಿಧಾನವಾಗುತ್ತಿತ್ತು, ಹೆಣ್ಣುಮಕ್ಕಳ ಮೊಬೈಲು ಚುರುಕಾಗುತ್ತಿತ್ತು. ಕೊನೆಗೆ ಹಿರಿಯರು ಕೂಡಿ, ಯಾರ ಗಡಿಯಾರವೂ ಬೇಡ, ಶಾಲೆಯ ಗಂಟೆ ಸರಕಾರದ ಗಂಟೆ, ಅದು ಸುಳ್ಳು ಹೇಳುವುದಿಲ್ಲ, ಅದು ಬಾರಿಸಿದ ಮೇಲೆ ಯಾರೂ ಕುರ್ಪಿ ಆಡಿಸಬೇಕಾಗಿಲ್ಲ ಎಂದು ತೀರ್ಪು ಕೊಟ್ಟರು. ಎಲ್ಲರೂ ಒಪ್ಪಿದರು. ಅಧ್ಯಕ್ಷರಾಗಿ ಮೂರು ವರ್ಷವಾದರೂ ಶಾಲೆ ನಿಜಕ್ಕೂ ಎಷ್ಟಕ್ಕೆ ಬಿಡಬೇಕೆಂದು ದೌಲತರಾಯರಿಗೆ ಗೊತ್ತಿರಲಿಲ್ಲ. ನಾಲ್ಕಕ್ಕೆ ಬಾರಿಸುತ್ತದೆ ಅಂದಮೇಲೆ ಸರಕಾರ ನಾಲ್ಕಕ್ಕೇ ಅಂದಿರಬೇಕು ಎಂದು ನಂಬಿದ್ದರು. ಅದೇ ಗಂಟೆಗೆ ಚಮನಸಾಬನು ಎಣ್ಣೆ ಕಾಯಿಸಿ ಮಿರ್ಚಿ ಭಜಿ ಬಿಡುತ್ತಿದ್ದ. ಬಸ್ಸು ಬಂದು ನಿಲ್ಲುವಾಗ ಬಿಸಿ ಭಜಿ ತಯಾರು.

ಸಭೆಯ ದಿನ ಮುಂಜಾನೆ ಮಾಸ್ತರರು ಬಸ್ಸಿನಲ್ಲೇ ಕಾಗದ ತೆಗೆದು ತರಬೇತಿಯಲ್ಲಿ ಹೇಳಿದಂತೆ ನಾಲ್ಕು ಚೌಕ ಗೀಚಿದರು. ಬಲ ಇದ್ದು ಆಸಕ್ತಿ ಇಲ್ಲದವರು: ದೌಲತರಾಯರು. ಆಸಕ್ತಿ ಇದ್ದು ಬಲ ಇಲ್ಲದವರು: ಹೊಲದ ಹೆಣ್ಣುಮಕ್ಕಳು, ಅವರ ಮುಂದಾಳು ಗಂಗುಬಾಯಿ. ಎರಡೂ ಇದ್ದವರು: ಚಮನಸಾಬ, ಯಾಕೆಂದರೆ ಊರಿನ ಎಲ್ಲ ಮಾತೂ ಅವನ ಹೋಟೆಲಿನಲ್ಲೇ ಬೇಯುವುದು. ಉಳಿದ ಚೌಕ ಖಾಲಿ ಇತ್ತು. ಮಕ್ಕಳನ್ನು ಎಲ್ಲಿ ಹಾಕಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಊರು ಬಂತು, ಮಾಸ್ತರರು ಕಾಗದ ಮಡಚಿ ಕಿಸೆಗೆ ಹಾಕಿಕೊಂಡರು.

ಮೊದಲು ಚಮನಸಾಬ.

"ಸಭಾದಾಗ ಸಾಹೇಬ್ರ ಮುಂದ ಸಾಲಿ ಬಗ್ಗೆ ನಾಕ್ ಮಾತ್ ಛಲೋ ಆಡಬೇಕ್ ನೋಡ್ ಚಮನಸಾಬ."

"ಆಡೂಣ್ರಿ ಸರ. ಏನ್ ಆಡಬೇಕು?"

"ಏನರೆ. ಸಾಲಿ ಛಲೋ ನಡದದ ಅಂತ. ಟೈಮಿನ ಮಾತೊಂದು ಬ್ಯಾಡ."

"ಟೈಮಿಗೆ ಏನ್ ಆಗ್ಯಾದ್ರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮಾಸ್ತರರು ತಮ್ಮ ಕೈಗಡಿಯಾರವನ್ನು ತೋಳಿನೊಳಗೆ ಸರಿಸಿದರು. "ಏನೂ ಆಗಿಲ್ಲೋ ಮಾರಾಯ. ಸುಮ್ನ ಅಂದೆ."

ಚಮನಸಾಬನಿಗೆ ವ್ಯಾಪಾರದ ವಾಸನೆ ಬಡಿಯಿತು. "ಹಂಗಾದ್ರ ಸಭಾದ ಭಜಿ, ಚಹಾ ಎಲ್ಲಾ ನಮ್ಮ ಹೋಟೆಲ್‌ದೇ ಆಗ್ಲಿ ಬಿಡ್ರಿ. ಬಿಸ್ಕೀಟು ಪಿಸ್ಕೀಟು ತರಸಬ್ಯಾಡ್ರಿ. ನಾ ಅಂತೂ ನಿಮ್ಮನ್ನ ಹೊಗಳಿ ಹೊಗಳಿ ಸುಸ್ತ್ ಮಾಡ್ತೇನಿ." ಮಾಸ್ತರರು ಹೂಂ ಅಂದರು.

ಅಲ್ಲಿಂದ ದೌಲತರಾಯರ ಮನೆ. ಅವರು ಪಡಸಾಲೆಯಲ್ಲಿ ಹಲ್ಲಿಗೆ ಕಡ್ಡಿ ಹಾಕುತ್ತ ಕೂತಿದ್ದರು.

"ಸಭಾ ಅಂದ್ರ ಬ್ಯಾನರ್ ಅದ ಏನ್ರಿ ಮಾಸ್ತರ?"

"ಅದ್ರಿ. ನಿಮ್ಮ ಹೆಸರೂ ಅದ್ರಿ."

"ಫೋಟೊ?"

"ಫೋಟೊ... ಸಾಹೇಬ್ರದಷ್ಟೇ ಹಾಕ್ಯಾರ್ರಿ."

ದೌಲತರಾಯರು ಕಡ್ಡಿ ಎಸೆದರು. "ನಮ್ಮ ಊರಾಗ ನಮ್ಮ ಫೋಟೊ ಇಲ್ಲದ ಬ್ಯಾನರ್ ಕಟ್ಟಿದ್ರ ಗಾಳಿಗಿ ಹಾರ್ತದ ಮಾಸ್ತರ." ಮಾಸ್ತರರು ಕೈ ಮುಗಿದು, ನಡುವಿನ ಕುರ್ಚಿ ನಿಮ್ಮದೇ, ಮೊದಲ ಶಾಲು ನಿಮ್ಮದೇ, ಸಾಹೇಬರ ಬಲಕ್ಕೆ ನೀವೇ ಎಂದು ಮಾತು ಕೊಟ್ಟ ಮೇಲೆ ದೌಲತರಾಯರು ಮೆತ್ತಗಾಗಿ ಚಹಾ ತರಿಸಿದರು. ಬಾಗಿಲು ತೆರೆದೇ ಇತ್ತು. ತಡವಾಗಿ ಹೊಲಕ್ಕೆ ಹೊರಟಿದ್ದ ಗಂಗುಬಾಯಿಯ ಗುಂಪು ಆ ದಾರಿಯಲ್ಲೇ ಹಾದು, ಮಾಸ್ತರರು ಸಾಹುಕಾರರ ಮನೆಯ ಬಸಿಯಲ್ಲಿ ಚಹಾ ಸುರುವಿಕೊಳ್ಳುವುದನ್ನು ನೋಡಿಕೊಂಡು ಹೋಯಿತು.

ಮೂರನೆಯದು ಗಂಗುಬಾಯಿ. ಮಾಸ್ತರರು ಬೇಲಿಯ ಈಚೆ ನಿಂತು ಕೂಗಿದರು.

"ಗಂಗುಬಾಯಿ, ಮಧ್ಯಾಹ್ನ ಸಾಲ್ಯಾಗ ಸಭಾ ಅದ ಬೇ."

"ಬರ್ತೇವ್ರಿ ಸರ. ಗಂಟಿ ಆಗಾನ ಬರ್ತೇವಿ. ಅದಕ್ಕೂ ಮೊದಲು ಸಾವ್ಕಾರ್ರು ಬಿಡಂಗಿಲ್ಲ."

"ಅಯ್ಯ, ಬರೋದೇನೂ ಬ್ಯಾಡ. ಸುಮ್ನ ತಿಳಿಸಿದೆ. ನೀವು ಕೆಲಸ ಮಾಡಕೋತ ಇರ್ರಿ, ಎಷ್ಟೊತ್ತಾದ್ರೂ."

"ಎಷ್ಟೊತ್ತಾದ್ರೂ ಅಂದ್ರ?" ಗಂಗುಬಾಯಿ ಕುರ್ಪಿ ನಿಲ್ಲಿಸಿದಳು. "ಈಗ ಸಾವ್ಕಾರ್ರ ಮನ್ಯಾಗ ಚಹಾ ಕುಡದ್ ಬಂದ್ರಿ, ಹೌದಿಲ್ಲೋ?"

"ಕುಡದೆ. ಅದರಾಗೇನು?"

"ಏನಿಲ್ಲ ಬಿಡ್ರಿ," ಎಂದು ಅವಳು ಮತ್ತೆ ಬಾಗಿದಳು. ಬಾಗುವ ಮೊದಲು ಪಕ್ಕದವಳ ಕಡೆ ಒಂದು ನೋಟ ಬಿಟ್ಟದ್ದು ಮಾಸ್ತರರಿಗೆ ಕಾಣಿಸಲಿಲ್ಲ. ಹಿಮ್ಮಾಹಿತಿ ಅಂದರೆ ಇಂಥದ್ದೇ ಎಂದು ತರಬೇತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಶಾಲೆಯಲ್ಲಿ ಇನ್ನೊಬ್ಬ ಶಿಕ್ಷಕಿ ನಾಗರತ್ನಾ. ಊರವಳೇ, ಮಾತು ಕಮ್ಮಿ, ಆಡಿದರೆ ಮುಳ್ಳು.

"ಸರ, ಇವತ್ತ ಗಂಟಿ ಯಾವಾಗ್ರಿ?"

"ಇವತ್ತ ಸರಕಾರಿ ಟೈಮಿಗೇ, ಟೀಚರ್. ಸಾಹೇಬ್ರು ಎದುರಿಗೇ ಕುಂತಿರ್ತಾರ. ಒಂದ್ ದಿನ ಬಸ್ಸು ಹೋದ್ರ ಹೋಗ್ಲಿ."

"ಊರಾಗ ತಿಳಿಸೀರೇನ್ರಿ?"

"ಹುಚ್ಚೇನ್ರಿ ನಿಮಗ? ಇವತ್ತ ನಾಕೂವರಿಗಿ ಅಂತ ಹೇಳಿದ್ರ, ದಿನಾ ಯಾಕ ನಾಕಕ್ಕ ಅಂತ ಕೇಳ್ತಾರ."

ನಾಗರತ್ನಾ ತರಗತಿಯ ಕಡೆ ನಡೆದಳು. ಮೂರು ವರ್ಷ ಸುಳ್ಳು ಗಂಟೆ ಬಾರಿಸಿ ದಕ್ಕಿಸಿಕೊಂಡ ಮನುಷ್ಯ ಒಂದು ದಿನ ನಿಜದ ಗಂಟೆ ಬಾರಿಸಿ ಸಿಕ್ಕಿಬೀಳುತ್ತಾನೆಂದು ಅವಳಿಗೂ ಪೂರ್ತಿ ಅಂದಾಜಾಗಿರಲಿಲ್ಲ.

ಸಾಹೇಬರು ಶಾಂತಲಿಂಗಪ್ಪನವರು ಬರುವಾಗ ಎರಡು ದಾಟಿತ್ತು. ಅಫಜಲಪುರದ ಕಡೆ ಯಾವುದೋ ಶಾಲೆ ನೋಡಿಕೊಂಡು ಬರುವಾಗ ಜೀಪು ಚೌಡಾಪುರದ ಹತ್ತಿರ ಕೈಕೊಟ್ಟು, ಅವರು ಹಂಚಿಕೆ ಆಟೋದಲ್ಲಿ ಇಬ್ಬರು ಯಾತ್ರಿಕರು ಮತ್ತು ಒಂದು ತೆಂಗಿನಕಾಯಿ ಚೀಲದ ನಡುವೆ ಅಮರಿಕೊಂಡು ಬಂದಿದ್ದರು. ಇಳಿದವರೇ ಕೇಳಿದ ಮೊದಲ ಪ್ರಶ್ನೆ: "ವಾಪಸ್ ಆಳಂದಕ್ಕ ಬಸ್ಸು ಯಾವಾಗದ್ರಿ?"

"ನಾಕೂಕಾಲಿಗ್ರಿ ಸರ. ಬಲಕಿನ ಕಿಡಕಿ ಬದಿ ಬಿಸಲ ಬರಂಗಿಲ್ರಿ," ಎಂದು ಮಾಸ್ತರರ ಬಾಯಿಂದ ತಾನಾಗಿಯೇ ಬಂತು.

"ಬಸ್ಸಿಂದು ಇಷ್ಟು ಬರೋಬರಿ ಹೆಂಗ್ ಗೊತ್ತು ನಿಮಗ?"

"ಊರಾಗ ಮಂದಿ ಅಂತಿರ್ತಾರ್ರಿ ಸರ," ಎಂದು ಮಾಸ್ತರರು ಬೆವರೊರೆಸಿಕೊಂಡರು.

ಬೇವಿನ ಮರದ ಕೆಳಗೆ ಸಭೆ ಶುರುವಾಯಿತು. ಮುಂದೆ ಮಕ್ಕಳು, ಹಿಂದೆ ಅವರ ತಂದೆತಾಯಿಗಳಲ್ಲಿ ಕೆಲಸವಿಲ್ಲದವರು, ಮಗ್ಗುಲಿಗೆ ಭಜಿಯ ತಟ್ಟೆ ಹಿಡಿದ ಚಮನಸಾಬ. ನಮ್ಮ ಕಡೆ ಸಭೆ ಅಂದರೆ ಸತ್ಕಾರ. ವಿಷಯ ಆಮೇಲೆ, ಹೊತ್ತುಳಿದರೆ. ಸಾಹೇಬರಿಗೆ ಶಾಲು, ದೌಲತರಾಯರಿಗೆ ಶಾಲು, ಶಾಲು ತಂದವರಿಗೆ ಶಾಲು. ದೌಲತರಾಯರಿಗೆ ಮೊದಲ ಶಾಲು ಸಿಗದೆ ಎರಡನೆಯದು ಸಿಕ್ಕಿತೆಂದು ಅವರು ಮೋರೆ ದಪ್ಪ ಮಾಡಿಕೊಂಡದ್ದರಿಂದ ಅವರಿಗೆ ಇನ್ನೊಂದು ಹೊದಿಸಬೇಕಾಯಿತು. ಆ ಸೆಖೆಯಲ್ಲಿ ಎರಡು ಶಾಲು ಹೊದ್ದು ಕೂತ ದೌಲತರಾಯರು ಹದವಾಗಿ ಬೇಯತೊಡಗಿದರು.

ಸಾಹೇಬರು ಭಾಗೀದಾರರ ಬಗ್ಗೆ ದೀರ್ಘವಾಗಿ ಮಾತಾಡಿ, "ಈಗ ನೀವು ಮಾತಾಡ್ರಿ. ಮನಸ್ಸು ಬಿಚ್ಚಿ. ಹೆದರಬ್ಯಾಡ್ರಿ," ಎಂದರು.

ಚಮನಸಾಬ ಎದ್ದ. "ನಮ್ಮ ಕಲ್ಲಿನಾಥ ಸರ ಬಂಗಾರದಂಥ ಮನಿಷಾರ್ರಿ. ಮೂರು ವರ್ಷದಾಗ ಒಮ್ಮಿನೂ ಟೈಮಿನ ಮಾತು..." ಮಾಸ್ತರರು ಜೋರಾಗಿ ಕೆಮ್ಮಿದರು. "...ಅಂದ್ರ, ಟೈಮಿನ ಮಾತ್ ಬ್ಯಾಡ ಬಿಡ್ರಿ. ಭಜಿ ಆರಾಕತ್ತಾವ, ತಗೋರಿ."

ದೌಲತರಾಯರು ಕೂತಲ್ಲಿಂದಲೇ, "ಸಾಲಿ ನಂಬರ್ ಒನ್ ಅದ," ಎಂದರು. ಅಲ್ಲಿ ಎಷ್ಟು ತರಗತಿಗಳಿವೆ ಎಂದು ಕೇಳಿದ್ದರೆ ಅವರು ಬೆರಳು ಮಡಚಬೇಕಾಗುತ್ತಿತ್ತು. ಮತ್ತೊಬ್ಬರು ಎದ್ದು ಮಾಸ್ತರರು ದೇವರಂಥವರು ಎಂದರು, ಇನ್ನೊಬ್ಬರು ದೇವರೇ ಎಂದರು.

ಸಾಹೇಬರು ಪೆನ್ನು ಕೆಳಗಿಟ್ಟರು. "ಇದು ಹಿಮ್ಮಾಹಿತಿ ಅಲ್ರಿ, ಇದು ಆರತಿ. ನನಗ ಒಂದ್ ತಪ್ಪು ಬೇಕು. ವರದಿಯೊಳಗ 'ಕೊರತೆಗಳು' ಅಂತ ಒಂದು ಜಾಗ ಅದ, ಅದು ಖಾಲಿ ಹೋದ್ರ ಮ್ಯಾಲಿನವರು ನಾ ಬಂದೇ ಇಲ್ಲ ಅಂತಾರ. ಒಂದರೆ ತಪ್ಪು ಹೇಳ್ರೆಪಾ!"

ಸಭೆ ತಲೆ ಕೆರೆದುಕೊಂಡಿತು. ಊರಿಗೆ ಬಂದ ಅತಿಥಿಯ ಮುಂದೆ ಮನೆಯವರ ತಪ್ಪು ಆಡುವುದು ಹೇಗೆ? ಕೊನೆಗೆ ಚಮನಸಾಬ ಅಳುಕುತ್ತ, "ಮಾಸ್ತರ್ರು ಚಹಾ ಅರ್ಧ ಕಪ್ಪೇ ಕುಡಿತಾರ್ರಿ. ಪೂರ್ತಿ ಕುಡದ್ರ ಛಲೋ ಇತ್ತು," ಎಂದ. ಸಾಹೇಬರು ಬೇರೆ ಗತಿಯಿಲ್ಲದೆ ಅದನ್ನೇ ಬರೆದುಕೊಂಡರು. ಮಾಸ್ತರರಿಗೆ ಉಸಿರು ಬಂತು. ಇನ್ನೇನು, ಗೆದ್ದೆ ಅಂದುಕೊಂಡರು.

ಆಗ ನಾಲ್ಕಾಯಿತು. ಗಂಟೆ ಆಗಲಿಲ್ಲ.

ಗಂಟೆಗೆ ಕಾಯದೆ ಮಕ್ಕಳೇ ಎದ್ದರು. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಚೀಲ ಹೆಗಲಿಗೇರಿಸಿ, ಸಾಲಾಗಿ, "ನಮಸ್ತೇ ಸಾರ್" ಎಂದು ರಾಗ ಎಳೆದು ಗೇಟಿನ ಕಡೆ ನಡೆದೇಬಿಟ್ಟರು. ಬೇವಳಗಾ ಶಾಲೆಯಲ್ಲಿ ಮೂರು ವರ್ಷದಲ್ಲಿ ಪಕ್ಕಾ ಕಲಿಸಿದ ಪಾಠ ಇದೊಂದೇ.

"ಇವೆಲ್ಲಿಗಿ ಹೊಂಟಾವ್ರಿ?" ಸಾಹೇಬರು ಕೇಳಿದರು.

"ಸರ, ಅದು... ಸ್ವಯಂಕಲಿಕೆ ಅಂತ್ರಿ. ತರಬೇತ್ಯಾಗ ಹೇಳಿದ್ರಲ್ಲ," ಎಂದರು ಮಾಸ್ತರರು. ಸಾಹೇಬರು ಅನುಮಾನದಿಂದಲೇ ಅದನ್ನೂ ಬರೆದುಕೊಂಡರು.

ಮಕ್ಕಳ ದಾರಿ ಇದ್ದದ್ದು ತೊಗರಿ ಹೊಲದ ಬದುವಿನ ಮೇಲೆ. ಗಂಗುಬಾಯಿ ತಲೆ ಎತ್ತಿದಳು. ಮಕ್ಕಳು ಮನೆಗೆ ಹೊರಟಿವೆ, ಗಂಟೆ ಆಗಿಲ್ಲ. ಅವಳು ಮುಂಜಾನೆಯ ಬಸಿ ಚಹಾ ನೆನೆದಳು, 'ಎಷ್ಟೊತ್ತಾದ್ರೂ' ನೆನೆದಳು. ಎರಡನ್ನೂ ಕೂಡಿಸಲು ಅವಳಿಗೆ ಮಾಸ್ತರರ ಗಣಿತ ಬೇಕಾಗಲಿಲ್ಲ.

"ಏಳ್ರೇ ಬೇ! ಸಾವ್ಕಾರ್ರ ಚಹಾ ಕುಡದು ಮಾಸ್ತರ್ರು ಗಂಟಿ ನುಂಗ್ಯಾರ!"

ಸಭೆಯಲ್ಲಿ ಸಾಹೇಬರು ಸಮಾರೋಪದ ಮಾತಿಗೆ ಎದ್ದು ನಿಂತಿದ್ದರು. ಗೇಟು ಧಡಾರನೆ ತೆರೆಯಿತು. ಸೀರೆ ಎತ್ತಿ ಕಟ್ಟಿದ, ಕೈಯಲ್ಲಿ ಕುರ್ಪಿ ಹಿಡಿದ ಹೆಣ್ಣುಮಕ್ಕಳ ಗುಂಪು ನೇರ ವೇದಿಕೆಗೇ ಬಂತು. ಸಾಹೇಬರು ಹಿಂದೆ ಸರಿದು ದೌಲತರಾಯರ ಎರಡು ಶಾಲಿನ ಮರೆಗೆ ನಿಂತರು.

"ಗಂಟಿ ಯಾಕ ಹೊಡದಿಲ್ರಿ ಸರ?" ಗಂಗುಬಾಯಿ ಕೇಳಿದಳು. "ದಿನಾ ನಾಕಕ್ಕ ಸರಿಯಾಗಿ ಹೊಡಿತಿದ್ರಿ. ಗಾಳಿ ಬರ್ಲಿ, ಮಳಿ ಬರ್ಲಿ, ಒಂದ್ ಮಿನಿಟ್ ಹಿಂದ ಮುಂದ ಆಗಿಲ್ಲ. ಇವತ್ತ ಏನ್ ಬಂತು ನಿಮಗ?"

ಮಾಸ್ತರರ ಜೀವಮಾನದಲ್ಲೇ ಸಮಯಪಾಲನೆಗೆ ಸಿಕ್ಕ ಮೊದಲ ಹೊಗಳಿಕೆ ಅದು. ಅವರು ಮುಖ ಮುಚ್ಚಿಕೊಳ್ಳಲು ಟೇಬಲ್ಲಿನ ಹಾರ ಹುಡುಕಿದರು.

"ದಿನಾ ನಾಕಕ್ಕ?" ಶಾಲಿನ ಹಿಂದಿನಿಂದ ಸಾಹೇಬರ ತಲೆ ಹೊರಬಂತು. "ಸಾಲಿ ಬಿಡೋದು ನಾಕೂವರಿಗಲ್ಲೇನು?"

"ಎಷ್ಟಕ್ಕ?" ಎಂದರು ದೌಲತರಾಯರು. ಅವರ ಮೈ ಮೇಲಿಂದ ಒಂದು ಶಾಲು ಜಾರಿ ಬಿತ್ತು. "ನಾಕೂವರಿ? ಸರಕಾರ ನಾಕೂವರಿ ಅಂತದ? ಹಂಗಾದ್ರ ಮೂರು ವರ್ಷ ನನ್ನ ಹೊಲದಾಗ ದಿನಾ ಅರ್ಧ ತಾಸು..." ಅವರು ಬೆರಳು ಮಡಚಿ ಎಣಿಸತೊಡಗಿದರು. "ಏ ಮಾಸ್ತರ! ನಾ ನಿಮಗ ಚಹಾ ಕುಡಸೇನಲ್ರಿ!"

"ಚಹಾ ಕುಡಸಿದ್ದಕ್ಕೇ ಇವತ್ತ ಗಂಟಿ ಆಗಿಲ್ಲ, ನಮಗ ಗೊತ್ತಿಲ್ಲೇನು?" ಎಂದಳು ಗಂಗುಬಾಯಿ.

ಅಷ್ಟರಲ್ಲಿ ಹೊರಗೆ ಬಸ್ಸಿನ ಹಾರ್ನು. ಒಂದು, ಎರಡು, ಮೂರು. ಆಮೇಲೆ ಗೇಟಿನಲ್ಲಿ ಮುಕ್ರಮನ ಖಾಕಿ ಅಂಗಿ ಕಾಣಿಸಿತು. ಅವನು ಒಳ್ಳೆಯ ಹುಡುಗ, ಉಪಕಾರ ಮಾಡಲೆಂದೇ ಬಂದಿದ್ದ.

"ಏನ್ರಿ ಸರ, ಇನ್ನಾ ಇಲ್ಲೇ ಕುಂತೀರಿ! ಮೂರು ವರ್ಷದಾಗ ಒಂದ್ ದಿನಾನೂ ತಪ್ಪಿಸಿಲ್ಲ ನೀವು, ನಾವು ಬರೋದ್ರೊಳಗ ಚಹಾ ಕುಡದ್ ನಿಂತಿರ್ತಿದ್ರಿ. ಆರಾಮಿಲ್ಲೇನಂತ ಡ್ರೈವರ್ ಕೇಳಾಕತ್ತಾನ. ಟವೆಲ್ ಹಾಕೀನ್ರಿ, ಬರ್ರಿ ಜಲ್ದಿ."

ಮಾಸ್ತರರು ಕಣ್ಣು ಮುಚ್ಚಿಕೊಂಡರು. ಇಷ್ಟು ಪ್ರೀತಿಯಿಂದ ಯಾರೂ ಯಾರ ಮನೆಯನ್ನೂ ಹಾಳು ಮಾಡಿರಲಿಕ್ಕಿಲ್ಲ. ಅಮಾನತು, ವಿಚಾರಣೆ, ವಿದ್ಯಾವತಿಯ ಮುಖ ಎಲ್ಲ ಒಟ್ಟಿಗೇ ಕಣ್ಣಿಗೆ ಕಟ್ಟಿದವು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅಂಗಳದಲ್ಲಿ ಜಗಳ ಕಾವೇರಿತು. ದೌಲತರಾಯರು ನಾಲ್ಕೂವರೆಗೇ ಗಂಟೆ ಆಗಬೇಕು ಎಂದರು. ಗಂಗುಬಾಯಿಯ ಗುಂಪು, ಹಿರಿಯರ ಮಾತಾಗಿದೆ, ನಾಲ್ಕಂದರೆ ನಾಲ್ಕು ಎಂದಿತು. ಚಮನಸಾಬ ಎಣ್ಣೆ ಕಾಯಿಸಲು ತನಗೆ ಬಸ್ಸಿಗಿಂತ ಮೊದಲೊಂದು ಗಂಟೆ ಬೇಕೇಬೇಕು, ಇವತ್ತು ಗಂಟೆ ಇಲ್ಲದೆ ಬಸ್ಸಿನ ಗಿರಾಕಿ ಎಲ್ಲ ಹೋದವು ಎಂದು ಅತ್ತುಕೊಂಡ. "ಹಂಗಿದ್ರ ಮುಂಜಾನಿ ಇವರು ಒಂಬತ್ತಕ್ಕ ಹೊಲಕ್ಕ ಬರೋದಕ್ಕೂ ಗಂಟಿ ಆಗ್ಲಿ! ಹೋಗೋದಕ್ಕಷ್ಟೇ ಯಾಕ ಸರಕಾರ ಬೇಕು?" ಎಂದು ದೌಲತರಾಯರು ಉಳಿದ ಶಾಲನ್ನೂ ಎಸೆದರು.

ಮಾಸ್ತರರು ಮೆಲ್ಲಗೆ ಕಣ್ಣು ತೆರೆದು ಸಾಹೇಬರ ಮುಖ ನೋಡಿದರು. ಸಾಹೇಬರ ಮುಖ ಸಿಟ್ಟಿನಿಂದ ಕೆಂಪಾಗಿರಲಿಲ್ಲ. ಹಬ್ಬದ ದಿನದಂತೆ ಅರಳಿತ್ತು. ಅವರು ಬಡಬಡ ಬರೆಯುತ್ತಿದ್ದರು.

"ಇದಪಾ ಹಿಮ್ಮಾಹಿತಿ!" ಎಂದರು ಸಾಹೇಬರು. "ಎಷ್ಟು ಊರು ನೋಡೀನಿ, ಸಾಲಿ ಗಂಟಿಗೆ ಇಷ್ಟು ಮಂದಿ ಭಾಗೀದಾರರು ಎಲ್ಲಿ ಅದಾರ? ಹೊಲ, ಹೋಟೆಲು, ಬಸ್ಸು! ಕಲ್ಲಿನಾಥ, ನಿಮ್ಮ ಮ್ಯಾಲ ಶಿಸ್ತಿನ ಕ್ರಮ ತಗೊಂಡ್ರ ಈ ಮಂದಿ ಗತಿ ಏನ್ರಿ?"

ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. ಕೈ ಮುಗಿದರು.

"ಎಲ್ಲಾರ ಮಾತೂ ಕೇಳಬೇಕು, ಯಾರನ್ನೂ ಬಿಡಬಾರದು. ಸಿದ್ಧಾಂತನೇ ಹಂಗದ," ಸಾಹೇಬರು ಹಾರ್ನಿನ ಕಡೆ ಕಿವಿಗೊಟ್ಟು ಅವಸರದಲ್ಲಿ ತೀರ್ಪು ಓದಿದರು. "ಮುಂಜಾನಿ ಒಂಬತ್ತಕ್ಕ ಹೊಲದ ಗಂಟಿ. ನಾಕಕ್ಕ ಹೆಣ್ಣಮಕ್ಕಳ ಗಂಟಿ, ಅದರಾಗೇ ಚಮನಸಾಬ ಎಣ್ಣಿ ಕಾಸ್ಕೋಬೇಕು. ನಾಕೂವರಿಗಿ ಸಾಲಿ ಗಂಟಿ. ಮುಖ್ಯ ಗುರುಗಳೇ ಖುದ್ದು ಹೊಡಿಬೇಕು, ಯಾಕಂದ್ರ ಊರಿಗಿ ನಂಬಿಕಿ ಇರೋದು ಅವರ ಕೈಮ್ಯಾಗ. ಇದನ್ನ ಮಾದರಿ ಸಾಲಿ ಅಂತ ಬರದೇನಿ."

"ಸರ," ಎಂದರು ಮಾಸ್ತರರು, "ಮುಂಜಾನಿ ಆಳಂದದ ಬಸ್ಸು ಇಲ್ಲಿಗಿ ಬರೋದೇ ಒಂಬತ್ತೂವರಿಗ್ರಿ. ಸಂಜಿ ನಾಕೂವರಿ ಆದ್ರ..."

"ಅದಕ್ಕ ಯಾಕ ಫಿಕರ್ ಮಾಡ್ತೀರಿ ಮಾಸ್ತರ?" ದೌಲತರಾಯರು ಬಂದು ಹೆಗಲ ಮೇಲೆ ಕೈ ಹಾಕಿದರು. ಕೈ ಭಾರವಾಗಿತ್ತು. "ನನ್ನ ತೊಗರಿ ಗೋದಾಮಿನಾಗ ಒಂದ್ ಖೋಲಿ ಖಾಲಿ ಅದ. ಬಾಡಗಿ ಬ್ಯಾಡ. ಸೋಮವಾರದಿಂದ ಶನಿವಾರ ಅಲ್ಲೇ ಇರ್ರಿ. ಇಲಿ ಅದಾವ, ಒಬ್ಬರೇ ಅನಸಂಗಿಲ್ಲ."

ಸಭೆ ಚಪ್ಪಾಳೆ ತಟ್ಟಿತು. ಗಂಗುಬಾಯಿಯೂ ತಟ್ಟಿದಳು, ಅವಳ ನಾಲ್ಕು ಗಂಟೆ ಅವಳಿಗೆ ಉಳಿದಿತ್ತಲ್ಲ.

"ಸಾಹೇಬ್ರ," ಎಂದಳು ನಾಗರತ್ನಾ ಹಿಂದಿನಿಂದ, "ಹುಡುಗುರನ್ನ ಯಾರೂ ಏನೂ ಕೇಳಲಿಲ್ರಿ."

ಸಾಹೇಬರು ಗೇಟಿನ ಕಡೆ ಆಗಲೇ ನಡೆದಿದ್ದರು. "ಹೌದ್ ನೋಡ್ರಿ. ಎಲ್ಲಿ ಅದಾವ?"

"ಮನಿಗಿ ಹೋದವ್ರಿ."

"ಹಂಗಾದ್ರ ಮುಂದಿನ ಸಲ," ಎಂದು ಸಾಹೇಬರು ಬಸ್ಸು ಹತ್ತಿದರು. ಅವರ ಮನೆಯೂ ಆಳಂದದಲ್ಲೇ. ಮುಕ್ರಮ ಬಲಗಡೆಯ ಕಿಟಕಿ ಸೀಟಿನಿಂದ ಟವೆಲು ತೆಗೆದು, ಮಾಸ್ತರರ ಕಡೆ ಒಮ್ಮೆ ಪಾಪವೆನ್ನುವಂತೆ ನೋಡಿ, ಸಾಹೇಬರಿಗೆ ಜಾಗ ಮಾಡಿಕೊಟ್ಟ. ಸಾಹೇಬರು ಕಿಟಕಿಯಿಂದ ತಲೆ ಹೊರಹಾಕಿ ಬೆರಳೆತ್ತಿ ಹೇಳಿದರು:

"ಕಲ್ಲಿನಾಥ, ನಾಕೂವರಿ ತನಕ ಜಾಗ ಬಿಟ್ಟು ಕದಲಬ್ಯಾಡ್ರಿ. ಸರಕಾರಿ ಟೈಮ್ ಅಂದ್ರ ಸರಕಾರಿ ಟೈಮ್!"

ಬಸ್ಸು ಹೊರಟುಹೋಯಿತು. ನಾಲ್ಕೂವರೆಗೆ ಇನ್ನೂ ಹೊತ್ತಿತ್ತು.

ಅಂಗಳ ಖಾಲಿಯಾಯಿತು. ಮಾಸ್ತರರು ಸಳಿ ಹಿಡಿದು ಬೇವಿನ ಮರದ ಕೆಳಗೆ ನಿಂತರು. ಕಿಸೆಯಲ್ಲಿ ಫೋನು ಗುಣುಗುಣಿಸಿತು. ಸೃಷ್ಟಿ.

"ಪಪ್ಪಾ, ಬಸ್ಸು ಎಲ್ಲಿ ಬಂತು? ಗಣಿತ ಇವತ್ತ ಭಾಳ ಅದ."

"ನಾ ಇನ್ನಾ ಸಾಲ್ಯಾಗ ಅದೇನವ್ವ."

"ಸಾಲಿ ಬಿಟ್ಟಿಲ್ಲೇನು?"

"ಬಿಟ್ಟದವ್ವ. ಎಲ್ಲಾರೂ ಹೋದ್ರು. ನನ್ನೊಬ್ಬನ್ನ ಬಿಟ್ಟಿಲ್ಲ." ಸಳಿಯನ್ನು ಇನ್ನೊಂದು ಕೈಗೆ ಬದಲಿಸಿದರು. "ಇವತ್ತ ನೀನೇ ಮಾಡ್ಕೋ. ನಾಳಿನೂ."

ಅವರು ಫೋನು ಒಳಗಿಟ್ಟು, ಕೈಗಡಿಯಾರ ನೋಡಿಕೊಂಡು, ಮೂರು ವರ್ಷದಲ್ಲಿ ಮೊದಲ ಸಲ ಸರಕಾರಿ ವೇಳೆಗೆ ಸಳಿ ಎತ್ತಿ ಹಳಿಗೆ ಬಾರಿಸಿದರು. ಢಣ್ ಢಣ್ ಎಂದು ಗಂಟೆ ಖಾಲಿ ಶಾಲೆಯ ಮೇಲೆ, ಖಾಲಿ ಹೊಲದ ಮೇಲೆ ಹರಡಿತು. ಕೇಳಿ ಎದ್ದು ಹೋಗಲು ಯಾರೂ ಇರಲಿಲ್ಲ.

ಇದ್ದವರು ಒಬ್ಬರೇ. ಗೋದಾಮಿನ ಬೀಗ ತೆಗೆಯುತ್ತಿದ್ದ ದೌಲತರಾಯರು ಮೊಬೈಲನ್ನು ಕಣ್ಣಿಗೆ ಹಿಡಿದು ಅಲ್ಲಿಂದಲೇ ಕೂಗಿದರು:

"ಏ ಮಾಸ್ತರ, ಎರಡ್ ಮಿನಿಟ್ ಮೊದಲೇ ಹೊಡದ್ರಿ!"